ಸನ್ನಿ ಬೇರೆ, ಅರಳುಮರಳು ಬೇರೆ

(ತೀರ್ಥಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಶಿಕ್ಷಕರು ಮತ್ತು ಊರಿನವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಕೇಳಿದ ಪ್ರಶ್ನೆಗಳನ್ನೂ ಇದರಲ್ಲೇ ಸೇರಿಸಿದ್ದೇನೆ.)

ಇಂಥಾ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಮೊದಲು ನಮ್ಮ ಮನೆಯ ಒಂದು ವಿಷಯ ಹೇಳುತ್ತೇನೆ.

ಅಪ್ಪಯ್ಯನಿಗೆ ಆಗ 78 ವರ್ಷ. ಆಷಾಢದ ಮಳೆ. ತೋಟಕ್ಕೆ ಕೊಳೆ ಔಷಧಿ ಹೊಡೆಸುತ್ತಿದ್ದ ದಿನಗಳು. ಬೆಳಿಗ್ಗೆ ಆಳುಗಳ ಲೆಕ್ಕ, ಮೈಲುತುತ್ತದ ಲೆಕ್ಕ ಎಲ್ಲ ಸರಿಯಾಗಿ ಹೇಳಿದ ಮನುಷ್ಯ ರಾತ್ರಿ ಎದ್ದು ಕೂತು, ‘ಅಂಗಳದಲ್ಲಿ ಗಾಡಿ ನಿಂತಿದೆ, ಎತ್ತು ಬಿಚ್ಚಿ’ ಅಂದರು. ನಮ್ಮ ಮನೆಯಿಂದ ಎತ್ತಿನ ಗಾಡಿ ಹೋಗಿ ಮೂವತ್ತು ವರ್ಷ ಆಗಿತ್ತು. ಮಾರನೇ ದಿನ ಬೆಳಿಗ್ಗೆ ಸುಮಾರಾಗಿ ಸರಿ ಇದ್ದರು. ಸಂಜೆ ಮತ್ತೆ ಶುರು. ಅಮ್ಮನ ಗುರುತು ಹತ್ತಲಿಲ್ಲ. ಹೊದ್ದ ಕಂಬಳಿಯಿಂದ ಏನನ್ನೋ ಹೆಕ್ಕುತ್ತಲೇ ಇದ್ದರು.

ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುವವನು. ನಾನೇ ಹೇಳಿದೆ, ‘ಅರಳುಮರಳು ಶುರುವಾಯ್ತು’ ಅಂತ. ಹತ್ತಿರದ ಒಂದು ಆಸ್ಪತ್ರೆಯಲ್ಲಿ ತೋರಿಸಿದೆವು. ಅಲ್ಲೂ ‘ವಯಸ್ಸಾಯ್ತಲ್ಲ’ ಅಂತ ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು. ದೊಡ್ಡಮ್ಮ ಒಬ್ಬರೇ ಬಾಗಿಲಲ್ಲಿ ನಿಂತು ಬೇರೆ ಮಾತು ಹೇಳಿದರು. ‘ಇದು ಅರಳುಮರಳಲ್ಲ ಮಾರಾಯ. ಅದು ಹಿಂಗೆ ಒಂದು ರಾತ್ರಿಲಿ ಬರೋದಲ್ಲ. ಇದು ಸನ್ನಿ. ಮೈಯೊಳಗೆ ಎಂತದೋ ಜ್ವರ ಕೂತಿದೆ, ನೋಡ್ಸಿ.’

ದೊಡ್ಡಮ್ಮ ಓದಿದ್ದು ನಾಲ್ಕನೇ ಕ್ಲಾಸು. ನಾವು ಕೇಳಲಿಲ್ಲ. ಮೂರು ದಿನ ಹೋಯಿತು. ನಾಲ್ಕನೇ ದಿನ ಶಿವಮೊಗ್ಗಕ್ಕೆ ಕರೆದುಕೊಂಡು ಹೋದಾಗ ಗೊತ್ತಾಯಿತು: ಮೂತ್ರದಲ್ಲಿ ಸೋಂಕು, ರಕ್ತದಲ್ಲಿ ಸೋಡಿಯಂ ಬಹಳ ಇಳಿದಿತ್ತು. ಡ್ರಿಪ್ ಹಾಕಿದರು, ಆಂಟಿಬಯೋಟಿಕ್ ಕೊಟ್ಟರು. ಐದು ದಿನ ಕಳೆದ ಮೇಲೆ ಅಪ್ಪಯ್ಯ ಕಣ್ಣು ಬಿಟ್ಟು ಮೊದಲು ಕೇಳಿದ್ದು, ‘ಔಷಧಿ ಹೊಡೆದದ್ದು ಮುಗೀತಾ?’

ಆ ಮೂರು ದಿನ ನನ್ನನ್ನು ಇವತ್ತಿಗೂ ಕಾಡುತ್ತದೆ. ನನ್ನ ಪುಸ್ತಕದಲ್ಲಿ ಅದಕ್ಕೆ ಡೆಲಿರಿಯಮ್ ಅಂತ ಹೆಸರಿತ್ತು. ದೊಡ್ಡಮ್ಮನ ಬಾಯಲ್ಲಿ ಸನ್ನಿ ಅಂತ ಹೆಸರಿತ್ತು. ಎರಡು ಭಾಷೆಯಲ್ಲೂ ಪದ ಇದ್ದೂ ನಾನು ಮೂರನೆಯ, ತಪ್ಪು ಪದ ಬಳಸಿದೆ. ಅದಕ್ಕೇ ಇವತ್ತು ಪದಗಳ ಬಗ್ಗೆಯೇ ಮಾತಾಡಲು ಬಂದಿದ್ದೇನೆ.

ಸನ್ನಿ ಅಂದರೆ ಏನು? ಮೆದುಳಿನ ಗಮನ ಕೆಲವೇ ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಕೆಟ್ಟುಹೋಗುವುದು. ಬೆಳಿಗ್ಗೆ ಒಂದು ಥರ, ರಾತ್ರಿ ಇನ್ನೊಂದು ಥರ. ಸಾಮಾನ್ಯವಾಗಿ ಕತ್ತಲಾದ ಮೇಲೆ ಜಾಸ್ತಿ. ಇದರ ಬೇರು ದೇಹದಲ್ಲಿರುತ್ತದೆ. ಸೋಂಕು, ನೀರಿನಂಶ ಕಮ್ಮಿಯಾಗುವುದು, ಉಪ್ಪಿನ ಅಂಶ ಇಳಿಯುವುದು, ಕೆಲವು ಮಾತ್ರೆಗಳು, ಆಪರೇಷನ್ ಆದ ಮೇಲಿನ ದಿನಗಳು. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದಾಗ ಎರಡು ಮೂರನೇ ದಿನ ಬರುವುದೂ ಇದೇ. ಆಗ ಕೈ ನಡುಕ, ಬೆವರು, ಫಿಟ್ಸ್ ಕೂಡ ಬರಬಹುದು. ಹಾಗಾಗಿ ಬಹಳ ವರ್ಷ ಜಾಸ್ತಿ ಕುಡಿದವರು ಬಿಡುವುದಾದರೆ ಡಾಕ್ಟರ ಕಣ್ಣೆದುರು ಬಿಡಬೇಕು. ‘ದೇವರ ಮುಂದೆ ಆಣೆ ಮಾಡಿಸಿ ಬಿಡಿಸಿದ್ವಿ’ ಅಂತ ಮನೆಯವರು ಹೇಳಿದರೆ, ಮುಂದಿನ ಮೂರ್ನಾಲ್ಕು ದಿನ ನೀವು ಆ ಮನೆ ಕಡೆ ಹೋಗಿ ಬನ್ನಿ.

ನಮ್ಮ ಕಡೆಯದೇ ಇನ್ನೊಂದು ಉದಾಹರಣೆ ಇದೆ. ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಮೊದಲ ಜ್ವರ ಬಿಟ್ಟು, ಒಂದೆರಡು ವಾರ ಆರಾಮಾಗಿದ್ದು, ಮತ್ತೆ ಜ್ವರ ಬರುತ್ತದೆ. ಆ ಎರಡನೇ ಸುತ್ತಿನಲ್ಲಿ ತಲೆನೋವು, ನಡುಕ, ಬುದ್ಧಿ ಗೊಂದಲ ಕಾಣಿಸಿಕೊಳ್ಳಬಹುದು. ಅದನ್ನು ‘ತಲೆ ಕೆಟ್ಟಿತು’ ಅಂತ ಮನೆಯಲ್ಲಿ ಕೂರಿಸಬಾರದು.

ಸನ್ನಿಯಲ್ಲಿ ಇನ್ನೊಂದು ಜಾತಿ ಇದೆ, ಅದು ಹೆಚ್ಚು ಮೋಸ ಮಾಡುತ್ತದೆ. ಕೂಗಾಟ ಇಲ್ಲ, ಏನಿಲ್ಲ. ಅಜ್ಜಿ ಸುಮ್ನೆ ಮಂಕಾಗಿ ಮಲಗಿರುತ್ತಾರೆ. ‘ಪಾಪ, ಆರಾಮಾಗಿ ನಿದ್ದೆ ಮಾಡ್ತಿದಾರೆ’ ಅನ್ನುತ್ತೇವೆ. ಒಂದು ಸಣ್ಣ ಪರೀಕ್ಷೆ ಮಾಡಿ. ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿಸಿ. ಶನಿವಾರ, ಶುಕ್ರವಾರ, ಗುರುವಾರ... ನಿನ್ನೆವರೆಗೂ ಹೇಳುತ್ತಿದ್ದವರು ಇವತ್ತು ನಡುವೆ ತಪ್ಪಿ ಎಲ್ಲೋ ಹೋದರೆ, ವಯಸ್ಸಿನ ಮಾತು ಬಿಟ್ಟು ಆಸ್ಪತ್ರೆಯ ಮಾತು ಎತ್ತಿ.

ಅರಳುಮರಳು, ಡಾಕ್ಟರು ಹೇಳುವ ಡಿಮೆನ್ಶಿಯಾ, ಅದು ಬೇರೆ. ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನಕ್ಕೆ ಇಳಿಯುವುದು. ಮೊದಲು ಇತ್ತೀಚಿನ ಮಾತು ಮರೆಯುತ್ತದೆ. ಹಣದ ಲೆಕ್ಕ ತಪ್ಪುತ್ತದೆ. ದಿನಾ ನಡೆದ ದಾರಿ ತಪ್ಪುತ್ತದೆ. ಡಿಮೆನ್ಶಿಯಾ ಒಂದು ಕಾಯಿಲೆಯ ಹೆಸರಲ್ಲ, ಒಂದು ಗುಂಪಿನ ಹೆಸರು. ಅದರಲ್ಲಿ ಹೆಚ್ಚು ಕಾಣುವುದು ಆಲ್ಝೈಮರ್. ‘ಅರವತ್ತಕ್ಕೆ ಅರಳುಮರಳು’ ಅನ್ನುವ ಗಾದೆ ನಮ್ಮಲ್ಲಿದೆ ಅಲ್ವಾ, ಆ ಗಾದೆಯನ್ನು ನಾನು ಒಪ್ಪುವುದಿಲ್ಲ. ಅರವತ್ತಾದವರಿಗೆಲ್ಲ ಅದು ಬರುವುದಿಲ್ಲ. ಕನ್ನಡಕ ಎಲ್ಲಿಟ್ಟೆ ಅಂತ ಮರೆಯುವುದು ವಯಸ್ಸು. ಕನ್ನಡಕ ಯಾಕೆ ಬೇಕು ಅಂತಲೇ ಮರೆಯುವುದು ಕಾಯಿಲೆ. ಬಿ12 ಕಮ್ಮಿಯಾಗಿಯೋ ಥೈರಾಯ್ಡ್ ಕೆಟ್ಟೋ ಮರೆವು ಬಂದಿದ್ದರೆ ಅದಕ್ಕೆ ಚಿಕಿತ್ಸೆಯೂ ಇದೆ. ಗಾದೆ ನಂಬಿ ಕೂತರೆ ಆ ರಕ್ತ ಪರೀಕ್ಷೆ ಯಾರೂ ಮಾಡಿಸುವುದಿಲ್ಲ.

ಸನ್ನಿ ಅನ್ನುವ ಪದ ಇನ್ನೊಂದು ಕಡೆಯೂ ಬರುತ್ತದೆ. ಬಾಣಂತಿ ಸನ್ನಿ. ಇಲ್ಲಿ ಆಶಾ ಕಾರ್ಯಕರ್ತೆಯರಿದ್ದೀರಿ, ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಹೆರಿಗೆಯಾದ ಮೂರನೇ ನಾಲ್ಕನೇ ದಿನ ಬಾಣಂತಿಗೆ ಸುಮ್ಮಸುಮ್ಮನೆ ಅಳು ಬರುತ್ತದೆ. ಬಹಳ ಜನರಿಗೆ ಬರುತ್ತದೆ. ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಅದು ಕಾಯಿಲೆ ಅಲ್ಲ. ಅವಳಿಗೆ ನಿದ್ದೆ ಬೇಕು, ಮಗುವನ್ನು ಒಂದೆರಡು ಗಂಟೆ ಹಿಡಿಯುವ ಕೈ ಬೇಕು. ಎರಡು ವಾರ ದಾಟಿಯೂ ಮಂಕು ಹೋಗದೆ, ಮಗು ಮಲಗಿದರೂ ತಾಯಿಗೆ ನಿದ್ದೆ ಬರದೆ, ‘ನಾನು ಒಳ್ಳೆ ಅಮ್ಮ ಅಲ್ಲ’ ಅನ್ನುತ್ತಿದ್ದರೆ ಅದು ಬಾಣಂತಿ ಖಿನ್ನತೆ ಇರಬಹುದು. ತೋರಿಸಲೇಬೇಕು. ಮೂರನೆಯದು ಸನ್ನಿ. ಸಾವಿರ ಹೆರಿಗೆಗೆ ಒಂದೋ ಎರಡೋ. ಹೆಚ್ಚಾಗಿ ಮೊದಲ ಎರಡು ವಾರದಲ್ಲೇ, ಒಮ್ಮೆಲೇ ಬರುತ್ತದೆ. ನಿದ್ದೆ ಪೂರ್ತಿ ಹೋಗುತ್ತದೆ, ಮಾತು ಜಾಸ್ತಿಯಾಗುತ್ತದೆ ಅಥವಾ ನಿಂತೇ ಹೋಗುತ್ತದೆ, ‘ಮಗು ಬದಲಾಗಿದೆ’ ಅನ್ನುತ್ತಾಳೆ, ಇಲ್ಲದ ದನಿ ಕೇಳುತ್ತದೆ. ಅವತ್ತೇ ಆಸ್ಪತ್ರೆಗೆ ಹೋಗಬೇಕು. ತಾಯಿ ಮಗು ಇಬ್ಬರನ್ನೇ ಬಿಡಬಾರದು. ಚಿಕಿತ್ಸೆಯಿಂದ ಚೆನ್ನಾಗಿ ಗುಣವಾಗುವ ಕಾಯಿಲೆ ಇದು. ಅಜ್ಜಿಯರು ‘ಥಂಡಿ ತಾಗಿ ಸನ್ನಿ ಆಯ್ತು’ ಅನ್ನುತ್ತಾರೆ. ಕಾರಣ ಥಂಡಿ ಅಲ್ಲ. ಆದರೆ ಪದ ಸರಿ ಇದೆ, ಅವಸರವೂ ಸರಿ ಇದೆ. ಆ ಎರಡನ್ನು ಉಳಿಸಿಕೊಳ್ಳೋಣ.

ಇನ್ನು ಬೇಜಾರು. ನಮ್ಮ ಕಡೆ ಈ ಒಂದು ಪದ ಎಷ್ಟು ಕೆಲಸ ಮಾಡುತ್ತದೆ ನೋಡಿ. ಮಳೆ ಬಿಡದಿದ್ದರೆ ಬೇಜಾರು. ಹಸು ಸತ್ತರೆ ಬೇಜಾರು. ನೆಂಟರು ಕರೆಯದಿದ್ದರೆ ಬೇಜಾರು. ಹತ್ತು ತಿಂಗಳಿಂದ ಹಾಸಿಗೆ ಬಿಟ್ಟು ಏಳಲಾಗದವಳಿಗೂ ‘ಅವಳಿಗೆ ಎಂತದೋ ಬೇಜಾರಂತೆ’. ಇನ್ನೊಂದು ಕಡೆ ನನ್ನ ವಿದ್ಯಾರ್ಥಿಗಳು. ಟೆಸ್ಟಿನಲ್ಲಿ ಮಾರ್ಕ್ಸ್ ಕಮ್ಮಿ ಬಂದರೆ ‘ಫುಲ್ ಡಿಪ್ರೆಶನ್ ಸರ್’ ಅನ್ನುತ್ತಾರೆ. ಒಬ್ಬರು ಕಾಯಿಲೆಯನ್ನು ಬೇಜಾರು ಅನ್ನುತ್ತಾರೆ, ಇನ್ನೊಬ್ಬರು ಬೇಜಾರನ್ನು ಕಾಯಿಲೆ ಅನ್ನುತ್ತಾರೆ. ನಡುವೆ ನಿಜವಾಗಿ ನರಳುವವರ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಡಾಕ್ಟರು ಖಿನ್ನತೆ ಅಂತ ಬರೆಯುವುದಕ್ಕೆ ಒಂದು ಅಳತೆ ಇದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿ ಒಂಬತ್ತು ಲಕ್ಷಣ ಹೇಳುತ್ತದೆ. ಮನಸ್ಸು ಕುಗ್ಗುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಊಟ ಅಥವಾ ತೂಕದಲ್ಲಿ ಬದಲಾವಣೆ, ನಿದ್ದೆ ಕೆಡುವುದು, ನಡೆನುಡಿ ನಿಧಾನವಾಗುವುದು ಅಥವಾ ಕೂತಲ್ಲಿ ಕೂರಲಾಗದಿರುವುದು, ಸುಸ್ತು, ‘ನಾನು ಯಾತಕ್ಕೂ ಬಾರದವಳು’ ಅನ್ನಿಸುವುದು, ಗಮನ ನಿಲ್ಲದಿರುವುದು, ಸಾವಿನ ಯೋಚನೆ. ಇವುಗಳಲ್ಲಿ ಐದಾದರೂ ಇರಬೇಕು. ಆ ಐದರಲ್ಲಿ ಮೊದಲ ಎರಡರ ಪೈಕಿ ಒಂದು ಇರಲೇಬೇಕು. ಹೆಚ್ಚುಕಮ್ಮಿ ದಿನಾ, ಕನಿಷ್ಠ ಎರಡು ವಾರ ಇರಬೇಕು. ಮತ್ತು ಬದುಕಿನ ಕೆಲಸ ಅದರಿಂದ ಕೆಟ್ಟಿರಬೇಕು.

ಇಷ್ಟೆಲ್ಲ ನೆನಪಿಡಲಾಗದಿದ್ದರೆ ಮೂರೇ ಪ್ರಶ್ನೆ ಕೇಳಿ. ಎಷ್ಟು ದಿನದಿಂದ? ದಿನದಲ್ಲಿ ಎಷ್ಟು ಹೊತ್ತು? ಮಾಡುತ್ತಿದ್ದ ಯಾವ ಕೆಲಸ ನಿಂತುಹೋಗಿದೆ? ತೋಟಕ್ಕೆ ಎಲೆಚುಕ್ಕಿ ಬಂದು ಫಸಲು ಹೋದವನಿಗೆ ಸಂಕಟ ಆಗಿಯೇ ಆಗುತ್ತದೆ. ಅದು ಸಹಜ. ಆದರೆ ಅವನು ಮೂರು ವಾರದಿಂದ ತೋಟದ ಕಡೆ ತಲೆ ಹಾಕಿಲ್ಲ, ಗಡ್ಡ ತೆಗೆದಿಲ್ಲ, ಮೊಮ್ಮಗಳು ಬಂದರೂ ನಗುವುದಿಲ್ಲ, ಬೆಳಗಿನ ಜಾವ ಮೂರಕ್ಕೆ ಎಚ್ಚರಾಗಿ ಕೂರುತ್ತಾನೆ ಅಂದರೆ ಅದು ಬೇರೆ. ಸಾಲ ತೀರಿದರೂ ಅದು ತಾನಾಗಿ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ.

ಹೆಂಗಸರು ಮನಸ್ಸಿನ ಮಾತನ್ನೇ ಆಡುವುದಿಲ್ಲ. ‘ಮೈಕೈ ನೋವು’, ‘ತಲೆ ಭಾರ’, ‘ಎಂತಕ್ಕೂ ಕೈ ಏಳೂದಿಲ್ಲ’ ಅನ್ನುತ್ತಾರೆ. ಅದು ಸುಳ್ಳಲ್ಲ, ನೋವು ನಿಜವಾಗಿಯೂ ಇರುತ್ತದೆ. ರಕ್ತ ಕಮ್ಮಿಯಾದರೂ ಥೈರಾಯ್ಡ್ ಇಳಿದರೂ ಹೀಗೇ ಆಗುತ್ತದೆ, ಹಾಗಾಗಿ ಮೊದಲು ರಕ್ತ ನೋಡಿಸಬೇಕು. ಅದು ಸರಿ ಇದ್ದೂ ನೋವು ಹೋಗದಿದ್ದರೆ ನಿದ್ದೆ ಹೇಗಿದೆ ಅಂತ ಕೇಳಿ. ನನಗೆ ಬಹಳ ಸಂಕಟ ಕೊಡುವುದು ಮನೆಯವರು ಕೊಡುವ ಹೆಸರುಗಳು. ಸೋಮಾರಿ, ನಾಟಕ, ಕೊಬ್ಬು. ಕಾಲು ಮುರಿದವರಿಗೆ ‘ಧೈರ್ಯ ಮಾಡಿ ನಡಿ’ ಅಂತ ಯಾರೂ ಹೇಳುವುದಿಲ್ಲ.

2015–16ರಲ್ಲಿ ನಿಮ್ಹಾನ್ಸ್ ದೇಶದ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಆ ಹೊತ್ತಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಇಂಥವರು ಬೇರೆಲ್ಲೋ ಇದ್ದಾರೆ ಅಂದುಕೊಳ್ಳಬೇಡಿ. ನಮ್ಮ ಕೇರಿಯಲ್ಲೇ ಇರುತ್ತಾರೆ.

ಒಬ್ಬ ಮೇಷ್ಟ್ರು ನಡುವೆ ಎದ್ದು ಕೇಳಿದರು, ‘ಭ್ರಮೆ, ಭ್ರಾಂತಿ ಎರಡೂ ಒಂದೇನಾ ಸರ್?’ ಒಳ್ಳೆಯ ಪ್ರಶ್ನೆ. ಕನ್ನಡದ ಪುಸ್ತಕಗಳಲ್ಲೇ ಈ ಎರಡು ಪದ ಅತ್ತಿತ್ತ ಆಗಿಬಿಟ್ಟಿವೆ. ಹಾಗಾಗಿ ನಾನು ತರಗತಿಯಲ್ಲಿ ಪದ ಬಿಟ್ಟು ಉದಾಹರಣೆ ಹೇಳುತ್ತೇನೆ. ಮುಸ್ಸಂಜೆಯಲ್ಲಿ ತೋಟದ ದಾರಿಯಲ್ಲಿ ಅಡಿಕೆ ಸೋಗೆ ಬಿದ್ದಿದೆ. ಯಾರೋ ಮಲಗಿದ ಹಾಗೆ ಕಂಡು ಎದೆ ಝಲ್ ಅಂದಿತು. ಟಾರ್ಚ್ ಹಾಕಿದರೆ ಸೋಗೆ. ಇದು ಕಣ್ಣು ತಪ್ಪಿದ್ದು, ಎಲ್ಲರಿಗೂ ಆಗುತ್ತದೆ. ಹಗ್ಗ ಹಾವಾಗಿ ಕಂಡ ಹಳೆಯ ಕಥೆ ಇದೇ. ಎರಡನೆಯದು, ಹಗ್ಗವೂ ಇಲ್ಲ, ಸೋಗೆಯೂ ಇಲ್ಲ. ಕೊಟ್ಟಿಗೆ ಹಿಂದೆ ಇಬ್ಬರು ನಿಂತು ತನ್ನನ್ನೇ ಬಯ್ಯುವುದು ಸ್ಪಷ್ಟವಾಗಿ ಕೇಳುತ್ತದೆ. ಇಲ್ಲದ್ದು ಕೇಳುವುದು, ಇಲ್ಲದ್ದು ಕಾಣುವುದು. ಇದು ಹ್ಯಾಲ್ಯೂಸಿನೇಶನ್. ಮೂರನೆಯದು ನಂಬಿಕೆಗೆ ಸಂಬಂಧಿಸಿದ್ದು. ‘ಆ ಟವರ್‌ನಿಂದ ನನ್ನ ತಲೆಗೆ ಸುದ್ದಿ ಕಳಿಸುತ್ತಿದ್ದಾರೆ.’ ಎಷ್ಟು ಸಾಕ್ಷಿ ಕೊಟ್ಟರೂ ಅಲುಗಾಡುವುದಿಲ್ಲ, ಅವನ ಊರಿನವರು ಯಾರೂ ಅದನ್ನು ನಂಬುವುದಿಲ್ಲ. ಇದು ಡೆಲ್ಯೂಷನ್. ಇಂಥವರ ಹತ್ತಿರ ವಾದ ಮಾಡಬೇಡಿ, ಹೌದು ಹೌದು ಅಂತಲೂ ಅನ್ನಬೇಡಿ. ‘ನನಗೆ ಕೇಳಿಸ್ತಿಲ್ಲ, ಆದರೆ ನಿಂಗೆ ಹೆದರಿಕೆ ಆಗ್ತಿದೆ ಅನ್ನೋದು ಗೊತ್ತಾಗ್ತಿದೆ’ ಅನ್ನಿ. ಅಷ್ಟು ಸಾಕು.

ಈ ಸ್ಥಿತಿಗೆ ಸೈಕೋಸಿಸ್ ಅನ್ನುತ್ತಾರೆ. ಜ್ವರ ಅನ್ನುವ ಹಾಗೆ ಅದೊಂದು ಸ್ಥಿತಿ. ಹಿಂದೆ ಬೇರೆ ಬೇರೆ ಕಾಯಿಲೆ ಇರಬಹುದು. ಅದರಲ್ಲಿ ಒಂದು ಸ್ಕಿಜೋಫ್ರೇನಿಯಾ. 1908ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಗ್ರೀಕ್ ಭಾಷೆಯ ಸೀಳು ಮತ್ತು ಮನಸ್ಸು ಅನ್ನುವ ಎರಡು ಪದ ಸೇರಿಸಿ ಈ ಹೆಸರಿಟ್ಟರು. ಯೋಚನೆ, ಭಾವನೆ ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ ಅನ್ನುವುದು ಅವರ ಅರ್ಥ. ಒಬ್ಬರೊಳಗೆ ಇಬ್ಬರು ಮನುಷ್ಯರು ಅಂತ ಅಲ್ಲ. ಆದರೆ ಸಿನಿಮಾಗಳು ಅದನ್ನೇ ತೋರಿಸಿದವು. ಜಪಾನಿನಲ್ಲಿ ಈ ಕಾಯಿಲೆಯ ಹೆಸರು ‘ಮನಸ್ಸು ಸೀಳಿದ ರೋಗ’ ಅನ್ನುವ ಅರ್ಥದಲ್ಲಿತ್ತು. ಆ ಹೆಸರಿನಿಂದಲೇ ರೋಗಿಗಳಿಗೆ ಅವಮಾನ ಆಗುತ್ತದೆ ಅಂತ ಮನೆಯವರು ಕೇಳಿಕೊಂಡ ಮೇಲೆ 2002ರಲ್ಲಿ ಹೆಸರನ್ನೇ ಬದಲಾಯಿಸಿದರು. ಅಷ್ಟು ದೊಡ್ಡ ದೇಶ ಒಂದು ಹೆಸರಿಗಾಗಿ ಅಷ್ಟು ತಲೆ ಕೆಡಿಸಿಕೊಂಡಿತು.

ನಮಗೂ ಇದು ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೂ ಜ್ವರ ಬಂತು. ಮಂಗನ ಕಾಯಿಲೆ ಅನ್ನುವ ಹೆಸರು ನಿಂತಿತು. ಕಾಯಿಲೆ ದಾಟಿಸುವುದು ಉಣುಗು. ಮಂಗವೂ ಅದರಿಂದಲೇ ಸಾಯುವುದು. ಹೆಸರು ಮಾತ್ರ ಮಂಗನ ತಲೆಗೆ ಬಂತು. ‘ಹುಚ್ಚ’, ‘ಸೈಕೋ’ ಅನ್ನುವಾಗ ನಾವು ಮಾಡುವುದೂ ಅದೇ. ಕಾಯಿಲೆಯಿಂದ ನರಳುವವನನ್ನೇ ಕಾಯಿಲೆ ಮಾಡಿಬಿಡುತ್ತೇವೆ.

ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳನ್ನೂ ಇದೇ ಗುಂಪಿಗೆ ಸೇರಿಸುತ್ತೇವೆ. ಅದು ಮಾನಸಿಕ ಕಾಯಿಲೆ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಅದನ್ನು ಬೇರೆ ಇಟ್ಟಿದೆ. ಆ ಮಗುವಿಗೆ ಬೇಕಾದದ್ದು ಕಲಿಸುವ ತಾಳ್ಮೆ. ಮೂರ್ಛೆ ರೋಗವೂ ಅಷ್ಟೇ, ಅದು ನರದ ಕಾಯಿಲೆ.

ಹಿಂದಿನ ಸಾಲಿನ ಒಬ್ಬ ಹಿರಿಯರು ಕೇಳಿದರು, ‘ಹಾಗಾದ್ರೆ ಮೈಮೇಲೆ ಬರೋದೂ ಕಾಯಿಲೆನಾ?’ ಸಭೆ ಸ್ವಲ್ಪ ಬಿಗಿಯಾಯಿತು. ನಾನು ಹೇಳಿದ್ದು ಇಷ್ಟು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರಿಂದ ಜಾರಿಯಲ್ಲಿದೆ. ಮೈಮೇಲೆ ಬರುವುದನ್ನು ಅದು ಸುಮ್ಮನೆ ಕಾಯಿಲೆ ಅನ್ನುವುದಿಲ್ಲ. ಊರಿನ ಆಚರಣೆಯ ಒಳಗೆ, ಹರಕೆಯ ದಿನ, ಜನ ಒಪ್ಪಿದ ರೀತಿಯಲ್ಲಿ ಬಂದು ಹೋದರೆ ಅದು ಕಾಯಿಲೆ ಅಲ್ಲ. ಬೇಡವೆಂದರೂ ಬರುತ್ತದೆ, ಹೊತ್ತು ಗೊತ್ತು ಇಲ್ಲದೆ ಬರುತ್ತದೆ, ಅದರಿಂದ ಆಕೆ ನರಳುತ್ತಾಳೆ, ಬದುಕು ಕೆಡುತ್ತದೆ ಅಂದರೆ ಮಾತ್ರ ಚಿಕಿತ್ಸೆಯ ಮಾತು. ಚೌಡಿಗೆ ಕಾಯಿ ಒಡೆಸಿ, ಬೇಡ ಅನ್ನುವುದಿಲ್ಲ. ಡಾಕ್ಟರ ಹತ್ತಿರವೂ ಹೋಗಿ.

ಗೀಳಿನ ಬಗ್ಗೆಯೂ ಇದೇ ಮಾತು. ‘ನಮ್ಮತ್ತೆಗೆ ಓಸಿಡಿ’ ಅಂತ ಈಗಿನ ಸೊಸೆಯಂದಿರು ಹೇಳುತ್ತಾರೆ. ಮಡಿ ಓಸಿಡಿ ಅಲ್ಲ. ಮಡಿಗೆ ನಿಯಮ ಇದೆ, ಮಿಂದರೆ ಮುಗಿಯಿತು, ಮನಸ್ಸಿಗೆ ಸಮಾಧಾನ. ಗೀಳಿನಲ್ಲಿ ಮುಗಿಯುವುದೇ ಇಲ್ಲ. ಬೇಡದ ಯೋಚನೆ ಒಂದೇ ಸಮನೆ ನುಗ್ಗುತ್ತದೆ. ಅದನ್ನು ತಡೆಯಲು ಕೈ ತೊಳೆಯುತ್ತಾರೆ, ಚರ್ಮ ಸುಲಿಯುವವರೆಗೆ ತೊಳೆಯುತ್ತಾರೆ, ಮತ್ತೆ ಅನುಮಾನ. ‘ಇದು ಅತಿ’ ಅಂತ ಹೆಚ್ಚಿನವರಿಗೆ ಸ್ವತಃ ಗೊತ್ತಿರುತ್ತದೆ, ನಿಲ್ಲಿಸಲು ಮಾತ್ರ ಆಗುವುದಿಲ್ಲ. ದಿನದ ಒಂದು ಗಂಟೆಗಿಂತ ಜಾಸ್ತಿ ಇದಕ್ಕೇ ಹೋಗುತ್ತಿದ್ದರೆ ತೋರಿಸಬೇಕು.

ಪ್ಯಾನಿಕ್ ಅಟ್ಯಾಕ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನಮ್ಮಲ್ಲಿ ಅದಕ್ಕೆ ‘ಗ್ಯಾಸ್’ ಅನ್ನುತ್ತಾರೆ. ಎದೆ ಡವಡವ, ಉಸಿರು ಕಟ್ಟಿದ ಹಾಗೆ, ಈಗಲೇ ಸತ್ತೆ ಅನ್ನಿಸುವ ದಿಗಿಲು. ಕೆಲವೇ ನಿಮಿಷದಲ್ಲಿ ತುದಿಗೇರಿ ಇಳಿಯುತ್ತದೆ. ಆದರೆ ಮೊದಲ ಸಲ ಬಂದಾಗ ಅದು ಹೃದಯವೋ ದಿಗಿಲೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಇಸಿಜಿ ಮಾಡಿಸಿ.

ಯಾರ ಹತ್ತಿರ ಹೋಗಬೇಕು? ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು, ಮಾತ್ರೆ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ಮಾಡುವವರು. ನನ್ನಂತೆ ಮನಶ್ಶಾಸ್ತ್ರ ಪಾಠ ಮಾಡುವವರು ಇವೆರಡೂ ಅಲ್ಲ. ಕೌನ್ಸೆಲರ್ ಅನ್ನುವ ಬೋರ್ಡ್ ಕಂಡರೆ ಏನು ಓದಿದ್ದಾರೆ ಅಂತ ಕೇಳಿ, ಕೇಳುವುದು ತಪ್ಪಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗದಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆಯಿತು. ಈಗ ಶಿವಮೊಗ್ಗದಲ್ಲೂ ಅದಿದೆ. ಈ ಮಾತುಗಳನ್ನು ಕನ್ನಡದಲ್ಲೇ ಬರೆದು, ಹೇಳಿ ನಮ್ಮ ಜಿಲ್ಲೆಗೆ ರೂಢಿ ಮಾಡಿಸಿದವರು ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ. ಅವರು 2016ರಲ್ಲಿ ತೀರಿಕೊಂಡರು. ಅವರ ಮಾತು ಕೇಳಿ ಈ ವಿಷಯ ಓದಲು ಹೋದವರಲ್ಲಿ ನಾನೂ ಒಬ್ಬ.

ಕೊನೆಗೆ ಒಬ್ಬ ಆಶಾ ಕಾರ್ಯಕರ್ತೆ ಎದ್ದರು. ‘ಸರ್, ಇದೆಲ್ಲ ಇಲ್ಲಿ ಚೆಂದ. ಮನೆ ಬಾಗಿಲಲ್ಲಿ ನಿಂತು ನಿಮ್ಮ ಮಗಳಿಗೆ ಮಾನಸಿಕ ಕಾಯಿಲೆ ಅಂದ್ರೆ ನಾಳೆಯಿಂದ ಒಳಗೇ ಕರೆಯೋದಿಲ್ಲ. ಎಂತ ಹೇಳೋದು?’

ಕಾಯಿಲೆಯ ಹೆಸರೇ ಹೇಳಬೇಡಿ ಅಂದೆ. ಹೆಸರಿಡುವುದು ಡಾಕ್ಟರ ಕೆಲಸ. ನೀವು ಕಂಡದ್ದನ್ನು ಹೇಳಿ. ‘ಅಮ್ಮಾ, ಇವಳು ಮೂರು ವಾರದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಅಲ್ದಾ, ಊಟ ಸೇರ್ತಿಲ್ಲ, ಹೂಕಟ್ಟೋದೂ ಬಿಟ್ಟಿದಾಳೆ. ಒಂದ್ಸಲ ತೋರಿಸೋಣ, ನಾನೂ ಬರ್ತೀನಿ’ ಅನ್ನಿ. ಸಾಯುವ ಮಾತು ಆಡಿದ್ದರೆ ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಒಬ್ಬರು ಸಿಕ್ಕ ಹಾಗಾಗುತ್ತದೆ. ಅಂಥವರನ್ನು ಒಬ್ಬರನ್ನೇ ಬಿಡಬೇಡಿ, ಮನೆಯ ತೋಟದ ಔಷಧಿಗಳನ್ನು ಬೀಗ ಹಾಕಿಡಲು ಹೇಳಿ.

ಅಷ್ಟು ಹೇಳಿ ಬೋರ್ಡಿನ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ ದೊಡ್ಡದಾಗಿ ಬರೆದೆ: 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆಕೆ ತನ್ನ ಡೈರಿಯ ಹಿಂದಿನ ಹಾಳೆಯಲ್ಲಿ ನಂಬರ್ ಬರೆದುಕೊಂಡರು. ಅದರ ಕೆಳಗೆ ‘ಬಾಣಂತಿ ಸನ್ನಿ, ಅವತ್ತೇ’ ಅಂತ ಬರೆದು ಎರಡು ಗೆರೆ ಎಳೆದರು.